ಎಂಟು ಗಂಟೆಯ ಚೀಟಿ

2008ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಹೊಸೂರು ರಸ್ತೆಯ ನಟ್ಟನಡುವೆ ಕಬ್ಬಿಣದ ಕಾಡೊಂದು ಏಳುತ್ತಿತ್ತು. ಎಲೆಕ್ಟ್ರಾನಿಕ್ ಸಿಟಿವರೆಗೆ ಹೆಚ್ಚುಕಡಿಮೆ ಹತ್ತು ಕಿಲೋಮೀಟರ್ ಉದ್ದದ ಮೇಲ್ರಸ್ತೆಗೆ ಕಂಬ ನಿಲ್ಲಿಸುವ ಕೆಲಸ. ತಗಡಿನ ಬೇಲಿಯ ಒಳಗೆ ತುಕ್ಕು ಬಣ್ಣದ ಸರಳುಗಳು ಆಕಾಶ ನೋಡುತ್ತಿದ್ದವು. ಬೇಲಿಯ ಹೊರಗೆ ಉಳಿದ ಇಕ್ಕಟ್ಟಿನಲ್ಲಿ ಊರಿಗೆ ಊರೇ ಸಾಗಬೇಕಿತ್ತು. ಸೇಲಂ ಕಡೆಯಿಂದ ರಾತ್ರಿಯಿಡೀ ಓಡಿಬಂದ ಲಾರಿ, ಹೊಸೂರಿನ ಕಾರ್ಖಾನೆಗೆ ಬಿಡಿಭಾಗ ಹೊತ್ತ ಟೆಂಪೊ, ತಮಿಳುನಾಡಿನ ಸರ್ಕಾರಿ ಬಸ್ಸು, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೆ ಹೆಂಗಸರನ್ನು ತುಂಬಿಕೊಂಡ ಮ್ಯಾಕ್ಸಿಕ್ಯಾಬ್, ಕರ್ಚೀಫನ್ನು ಮೂಗಿಗೆ ಕಟ್ಟಿಕೊಂಡ ಬೈಕ್ ಸವಾರ, ಎಲ್ಲರಿಗೂ ಒಂದೇ ಧೂಳು.

ಈ ಮೆರವಣಿಗೆಯ ನಡುನಡುವೆ ಕಂಪನಿ ಬಸ್ಸುಗಳು. ಕಿಟಕಿಗೆ ಆನಿಸಿದ ತಲೆಗಳು, ಅರ್ಧ ಎಳೆದ ಪರದೆಗಳು, ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡೇ ನಿದ್ದೆಹೋದ ಹುಡುಗ ಹುಡುಗಿಯರು. ಮಲ್ಲೇಶ್ವರದಲ್ಲೋ ಬನಶಂಕರಿಯಲ್ಲೋ ಹತ್ತಿದವರು ಸಿಲ್ಕ್ ಬೋರ್ಡ್ ದಾಟುವ ಹೊತ್ತಿಗೆ ಒಂದು ಸುತ್ತು ನಿದ್ದೆ ಮುಗಿಸಿ ಎದ್ದಿರುತ್ತಿದ್ದರು. ‘ಎಲ್ಲಿದೀಯ?’ ಎಂದು ಫೋನು ಬಂದರೆ ‘ಕೂಡ್ಲು ಗೇಟು.’ ಬಹಳ ಹೊತ್ತಿನ ಮೇಲೆ ಮತ್ತೆ ಫೋನು ಬಂದರೂ ಉತ್ತರ ಅದೇ. ರೂಪೇನ ಅಗ್ರಹಾರ, ಗಾರ್ವೇಭಾವಿಪಾಳ್ಯ, ಸಿಂಗಸಂದ್ರ, ಹೊಸ ರೋಡ್ ಎಂಬ ಹಳೆಯ ಊರುಗಳ ಹೆಸರುಗಳೆಲ್ಲ ಆ ದಿನಗಳಲ್ಲಿ ನಿಂತ ಬಸ್ಸಿನ ವಿಳಾಸಗಳಾಗಿದ್ದವು. ಎಂಟೂಮುಕ್ಕಾಲರ ಹೊತ್ತಿಗೆ ಇಡೀ ರಸ್ತೆ ಎಂಜಿನ್ ಆಫ್ ಮಾಡಿ, ಆನ್ ಮಾಡಿ, ಮತ್ತೆ ಆಫ್ ಮಾಡುತ್ತಿತ್ತು.

ಅದೇ ರಸ್ತೆ ಏಳು ಗಂಟೆಗೆ ಬೇರೆಯೇ ಆಗಿರುತ್ತಿತ್ತು. ಆಗಲೂ ಧೂಳು ಇತ್ತು, ಬೇಲಿ ಇತ್ತು, ಲಾರಿಗಳೂ ಇದ್ದವು. ಆದರೆ ಚಕ್ರಗಳು ಉರುಳುತ್ತಿದ್ದವು. ಮಡಿವಾಳದ ತರಕಾರಿ ಮಾರುಕಟ್ಟೆಯಲ್ಲಿ ಸೊಪ್ಪಿನ ಕಟ್ಟುಗಳಿಗೆ ನೀರು ಚಿಮುಕಿಸುವ ಹೊತ್ತಿಗೆ ಹೊರಟವನು ಎಲೆಕ್ಟ್ರಾನಿಕ್ ಸಿಟಿಯ ಗೇಟಿನೆದುರು ಚಹಾ ಕುಡಿದು ಮುಗಿಸುವಷ್ಟರಲ್ಲಿ, ತಡವಾಗಿ ಹೊರಟವನು ಇನ್ನೂ ಸಿಲ್ಕ್ ಬೋರ್ಡಿನ ಸಿಗ್ನಲ್ ಎಣಿಸುತ್ತಿದ್ದ. ಒಂದೇ ದಾರಿಗೆ ಎರಡು ಬೆಲೆ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ಎಲ್ಲರೂ ಎಂಟೂಮುಕ್ಕಾಲಕ್ಕೇ ಬರುತ್ತಿದ್ದರು.

ಅಕ್ಟೋಬರ್ 6, ಸೋಮವಾರ. ಆಯುಧಪೂಜೆಯ ವಾರ. ಬಸ್ಸಿನ ಮೂತಿಗೆ ಬಾಳೆಕಂದು, ಚಕ್ರದಡಿಗೆ ನಿಂಬೆಹಣ್ಣು ಬೀಳಲು ಇನ್ನೆರಡು ದಿನ ಬಾಕಿ. ಆ ಸೋಮವಾರ ಇನ್ಫೋಸಿಸ್‌ನ ಎಲೆಕ್ಟ್ರಾನಿಕ್ ಸಿಟಿ ಆವರಣದಲ್ಲಿ ಒಂದು ಆಟ ಶುರುವಾಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾಲಾಜಿ ಪ್ರಭಾಕರ್, ಅವರ ಜೊತೆ ಕೆಲಸ ಮಾಡುತ್ತಿದ್ದ ದೀಪಕ್ ಮೆರುಗು, ಇನ್ಫೋಸಿಸ್‌ನ ಎನ್. ಎಸ್. ರಾಮ ಸೇರಿ ರೂಪಿಸಿದ ಪ್ರಯೋಗ. ಹೆಸರು ‘ಇನ್‌ಸ್ಟಂಟ್’, ಇನ್ಫೋಸಿಸ್–ಸ್ಟ್ಯಾನ್‌ಫರ್ಡ್ ಟ್ರಾಫಿಕ್ ಯೋಜನೆಯ ಹ್ರಸ್ವರೂಪ. ಅದು 2009ರ ಏಪ್ರಿಲ್‌ವರೆಗೆ, ಸುಮಾರು ಆರು ತಿಂಗಳು ನಡೆಯಿತು. ಆ ಆವರಣಕ್ಕೆ ಬರುತ್ತಿದ್ದ ಸುಮಾರು 14,000 ನೌಕರರು ಅದರೊಳಗೆ ಬಂದರು.

ನಿಯಮ ಒಂದು ಸಾಲಿನಲ್ಲಿ ಹೇಳಿ ಮುಗಿಸುವಷ್ಟು ಸರಳ. ಗೇಟಿನಲ್ಲಿ ಹೇಗೂ ಕಾರ್ಡು ಉಜ್ಜಿಯೇ ಒಳಗೆ ಬರಬೇಕು. ಉಜ್ಜಿದ ಹೊತ್ತು ಎಂಟಕ್ಕೆ ಮುಂಚಿನದಾದರೆ ಹೆಚ್ಚು ಅಂಕ, ಎಂಟರಿಂದ ಎಂಟೂವರೆಯೊಳಗಾದರೆ ಸ್ವಲ್ಪ ಕಡಿಮೆ, ಆಮೇಲೆ ಬಂದರೆ ಸೊನ್ನೆ. ಬೈಗುಳವಿಲ್ಲ, ಸಂಬಳ ಕಡಿತವಿಲ್ಲ. ವಾರಕ್ಕೊಮ್ಮೆ ಅಂಕ ಇದ್ದವರ ಹೆಸರಲ್ಲಿ ಚೀಟಿ ಎತ್ತುವುದು. ಗೆದ್ದವರಿಗೆ ದುಡ್ಡು.

ಈ ಪ್ರಾಧ್ಯಾಪಕರ ಮೂಲ ವ್ಯವಸಾಯ ರಸ್ತೆಯದಲ್ಲ, ಇಂಟರ್‌ನೆಟ್ಟಿನದು. ಜಾಲದಲ್ಲಿ ಹರಿಯುವ ಮಾಹಿತಿಯ ಪೊಟ್ಟಣಗಳು ಒಂದೇ ಕವಲಿನಲ್ಲಿ ಮುಗಿಬಿದ್ದಾಗ ಏನಾಗುತ್ತದೆ, ಅವನ್ನು ಹೇಗೆ ಸಾಗಹಾಕಬೇಕು ಎಂಬುದು ಅವರ ಅಧ್ಯಯನದ ವಸ್ತು. ಅಲ್ಲಿಯ ಪಾಠವೇ ಇಲ್ಲಿಗೂ ಬಂತು. ದಾರಿಯ ಸಾಮರ್ಥ್ಯ ಮೀರುವ ಗಡಿಯಲ್ಲಿ ಲೆಕ್ಕ ನೇರವಾಗಿ ನಡೆಯುವುದಿಲ್ಲ. ನೂರು ವಾಹನ ಹಿಡಿಯುವಲ್ಲಿ ತೊಂಬತ್ತಿದ್ದರೆ ಎಲ್ಲರೂ ಓಡುತ್ತಾರೆ. ನೂರಹತ್ತು ಬಂದರೆ ನೂರಹತ್ತೂ ನಿಲ್ಲುತ್ತವೆ. ಹಾಗಾದರೆ ಎಲ್ಲರನ್ನೂ ಬದಲಾಯಿಸುವ ಗೋಜು ಬೇಡ, ಹತ್ತರಲ್ಲೊಬ್ಬರು ಹೊತ್ತು ಬದಲಾಯಿಸಿದರೆ ಉಳಿದ ಒಂಬತ್ತು ಜನರಿಗೂ ರಸ್ತೆ ತೆರೆದುಕೊಳ್ಳುತ್ತದೆ. ಬೆಂಗಳೂರಿನವರಿಗೆ ಇದನ್ನು ಗಣಿತದಲ್ಲಿ ವಿವರಿಸಬೇಕಾಗಿಲ್ಲ. ದಸರಾ ರಜೆಯಲ್ಲಿ ಶಾಲೆಯ ವ್ಯಾನುಗಳಷ್ಟೇ ರಸ್ತೆಯಿಂದ ಇಳಿಯುತ್ತವೆ, ಉಳಿದವರೆಲ್ಲ ಇದ್ದೇ ಇರುತ್ತಾರೆ. ಆದರೂ ಜಯನಗರದಿಂದ ಕೋರಮಂಗಲಕ್ಕೆ ಹೋದವನು ‘ಇವತ್ತು ಬಂದ್ ಏನಾದ್ರೂ ಇದೆಯಾ?’ ಎಂದು ಕೇಳುತ್ತಾನೆ.

ಇನ್ನು ದುಡ್ಡಿನ ಲೆಕ್ಕ. ವಾರದ ಒಟ್ಟು ಬಹುಮಾನ 96,000 ರೂಪಾಯಿ. ಅದನ್ನು ನಾಲ್ಕು ಹಂತಗಳಲ್ಲಿ ಕಟ್ಟಿದ್ದರು. ತುದಿಯಲ್ಲಿ 12,000 ರೂಪಾಯಿಯ ಎರಡು, ಅದರ ಕೆಳಗೆ 6,000ದ ನಾಲ್ಕು, ಆಮೇಲೆ 2,000ದ ಹನ್ನೆರಡು, ತಳದಲ್ಲಿ 500ರ ನಲವತ್ತೆಂಟು. ಪ್ರತಿ ಹಂತಕ್ಕೂ ಒಟ್ಟು 24,000. ಎಲ್ಲ ಕೂಡಿದರೆ ವಾರಕ್ಕೆ 66 ಜನ ಗೆಲ್ಲುತ್ತಾರೆ. ಹೆಚ್ಚು ದಿನ ಬೇಗ ಬಂದವರಿಗೆ ಮೇಲಿನ ಹಂತದ ಬಾಗಿಲು ತೆರೆಯುತ್ತದೆ. ಆ ಆವರಣದ ಹೆಗ್ಗುರುತಾದ ಗಾಜಿನ ಪಿರಮಿಡ್ಡಿನ ಆಕಾರವೇ ಈ ಪಟ್ಟಿಯದ್ದೂ ಆಗಿತ್ತು.

ಅದೇ 96,000ವನ್ನು 14,000 ಜನಕ್ಕೆ ಸಮನಾಗಿ ಹಂಚಿದ್ದರೆ? ತಲೆಗೆ ವಾರಕ್ಕೆ ಏಳು ರೂಪಾಯಿಯೂ ಪೂರಾ ಬರುವುದಿಲ್ಲ. ಏಳು ರೂಪಾಯಿಗಾಗಿ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬ ಅಲಾರಂ ಹಿಂದಕ್ಕೆ ತಿರುಗಿಸುತ್ತಾನೆಯೇ? ಅದನ್ನು ಕೊಡಲು ಬಂದರೆ ಅವಮಾನವೆಂದೇ ತಿಳಿದಾನು. ಆದರೆ ಹನ್ನೆರಡು ಸಾವಿರದ ಚೀಟಿಯಲ್ಲಿ ತನ್ನ ಹೆಸರೂ ಇದೆ ಎಂದರೆ ಅವನ ಕಣ್ಣು ಬೇರೆ ರೀತಿ ತೆರೆಯುತ್ತದೆ. ಸಣ್ಣ ಸಾಧ್ಯತೆಯನ್ನು ಮನುಷ್ಯ ಅದರ ನಿಜದ ತೂಕಕ್ಕಿಂತ ಹೆಚ್ಚಿಗೆ ತೂಗುತ್ತಾನೆ ಎಂಬುದನ್ನು ಡೇನಿಯಲ್ ಕಾನ್‌ಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಬರೆದಿದ್ದರು. ನಮ್ಮ ಬೀದಿಗಳಲ್ಲಿ ಅದನ್ನು ಲಾಟರಿ ಅಂಗಡಿಗಳು ಅದಕ್ಕೂ ಮುಂಚಿನಿಂದ ಬಲ್ಲವು. ಕರ್ನಾಟಕ ಸರ್ಕಾರ 2007ರಲ್ಲಿ ಲಾಟರಿಯನ್ನು ನಿಷೇಧಿಸಿ, ಬಸ್ ನಿಲ್ದಾಣಗಳ ಪಕ್ಕದ ಆ ಬಣ್ಣಬಣ್ಣದ ಟಿಕೆಟ್ಟಿನ ಮಾಲೆಗಳನ್ನು ಇಳಿಸಿತ್ತು. ಮರುವರ್ಷವೇ ಎಲೆಕ್ಟ್ರಾನಿಕ್ ಸಿಟಿಯ ಗೇಟಿನೊಳಗೆ ಬೇರೊಂದು ಬಗೆಯ ಚೀಟಿ ಹುಟ್ಟಿತು. ಇದಕ್ಕೆ ಯಾರೂ ಕೈಯಿಂದ ಕಾಸು ಹಾಕುತ್ತಿರಲಿಲ್ಲ, ಆದ್ದರಿಂದ ಸೋತು ಮನೆ ಮಾರಿದವರೂ ಇರಲಿಲ್ಲ. ಹೂಡಬೇಕಾದದ್ದು ಬೆಳಗಿನ ಸಕ್ಕರೆ ನಿದ್ದೆಯ ಕೊನೆಯ ತುಣುಕು ಮಾತ್ರ. ಸೋತರೂ ಖಾಲಿ ರಸ್ತೆ ಸಿಕ್ಕಿರುತ್ತಿತ್ತು.

ಕಾಲವೂ ಆಟಕ್ಕೆ ಅನುಕೂಲವಾಗಿತ್ತೆನ್ನಿ. ಮೂರು ವಾರ ಹಿಂದೆ ನ್ಯೂಯಾರ್ಕಿನಲ್ಲಿ ಲೇಮನ್ ಬ್ರದರ್ಸ್ ಮುಳುಗಿತ್ತು. ಬೆಂಗಳೂರಿನ ಕಾಫಿ ಮೆಷಿನ್ನುಗಳ ಬಳಿ ಸಂಬಳ ಏರಿಕೆ ಎಂಬ ಶಬ್ದ ಪಿಸುಮಾತಿಗೆ ಇಳಿದಿತ್ತು. ಅಂಥ ಚಳಿಗಾಲದಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೇಗ ಎದ್ದದ್ದಕ್ಕೆ ಐನೂರು ರೂಪಾಯಿ ಬಂದರೂ ಅದು ಸಂಬಳದ ದುಡ್ಡಿಗಿಂತ ಸಿಹಿ. ಮನೆಗೆ ಹೋಗುವಾಗ ದಾರಿಯಲ್ಲಿ ಮೈಸೂರ್‌ಪಾಕ್ ಕಟ್ಟಿಸಿಕೊಂಡು ಹೋಗಬಹುದಾದ ದುಡ್ಡು.

ಆರು ತಿಂಗಳಲ್ಲಿ ಗೇಟಿನ ಚಿತ್ರ ಬದಲಾಯಿತು. ದಟ್ಟಣೆಗೆ ಮುಂಚೆ ಬಂದು ಸೇರುವವರ ಸಂಖ್ಯೆ ಎರಡರಷ್ಟಾಯಿತು. ಬಸ್ಸಿನಲ್ಲಿ ಬರುವವರ ಬೆಳಗಿನ ಪ್ರಯಾಣ ಸರಾಸರಿ 71 ನಿಮಿಷದಿಂದ 54ಕ್ಕೆ ಇಳಿಯಿತು. ಹದಿನೇಳು ನಿಮಿಷವೆಂದರೆ ಕೇಳಲು ಸಣ್ಣದು. ಒಂದು ಬಸ್ಸಿನಲ್ಲಿ ನಲವತ್ತು ಜನವೆಂದು ಹಿಡಿದರೆ ಒಂದು ಬೆಳಗ್ಗೆ, ಒಂದೇ ಬಸ್ಸಿನಲ್ಲಿ, ಹನ್ನೊಂದು ತಾಸಿಗೂ ಹೆಚ್ಚು ಮನುಷ್ಯರ ಆಯುಷ್ಯ ಉಳಿಯಿತು. ನಿಂತು ಗುರುಗುಟ್ಟುವ ಡೀಸೆಲ್ ಎಂಜಿನ್ನು ಅಷ್ಟು ಹೊತ್ತು ಬೊಮ್ಮನಹಳ್ಳಿಯ ಬಾಗಿಲುಗಳೆದುರು ಹೊಗೆ ಕಾರಲಿಲ್ಲ. ರಸ್ತೆ ಒಂದಡಿಯೂ ಅಗಲವಾಗಿರಲಿಲ್ಲ. ಮೇಲ್ರಸ್ತೆ ಇನ್ನೂ ಅರ್ಧ ಕಂಬ, ಅರ್ಧ ಗಾಳಿ. ಅದು ತೆರೆದದ್ದು 2010ರ ಜನವರಿಯಲ್ಲಿ.

ಏಳೂಮುಕ್ಕಾಲಕ್ಕೆ ಒಳಗೆ ಬಂದವರಿಗೆ ಆ ಆವರಣ ತನ್ನ ಇನ್ನೊಂದು ಮುಖ ತೋರಿಸುತ್ತದೆ. ಹುಲ್ಲಿಗೆ ನೀರು ಹಾಯಿಸುವ ಸದ್ದು ಕೇಳುತ್ತದೆ. ಆವರಣದೊಳಗೆ ಓಡಾಡಲೆಂದು ಇಟ್ಟ ಸೈಕಲ್ಲುಗಳು ಸಾಲಾಗಿ ಇಬ್ಬನಿಯಲ್ಲಿ ನಿಂತಿರುತ್ತವೆ. ತಿಂಡಿಯ ಕೌಂಟರಿನಲ್ಲಿ ಇಡ್ಲಿಯ ಹಬೆ ಇನ್ನೂ ಆರಿರುವುದಿಲ್ಲ. ಬೇಗ ಬಂದವರು ಪರಸ್ಪರ ಗುರುತಿಸಿಕೊಳ್ಳುವ ನಗುವೊಂದು ಅಲ್ಲಿ ಹುಟ್ಟಿಕೊಳ್ಳುತ್ತದೆ. ಚೀಟಿ ಎತ್ತುವ ದಿನವಾದರೆ ಆ ನಗುವಿನಲ್ಲಿ ಸ್ವಲ್ಪ ಪೈಪೋಟಿಯೂ ಇರುತ್ತದೆ.

ಇದೇ ಬೆಳಗನ್ನು ಮನೆಗಳ ಒಳಗಿನಿಂದ ನೋಡಿದರೆ ಇನ್ನೊಂದು ಚಿತ್ರ. ಏಳೂಮುಕ್ಕಾಲಕ್ಕೆ ಗೇಟಿನಲ್ಲಿರಬೇಕಾದರೆ ಆರೂವರೆಗೆ ಬಸ್ ಸ್ಟಾಪಿನಲ್ಲಿರಬೇಕು. ಐದೂವರೆಗೆ ಗ್ಯಾಸ್ ಹಚ್ಚುವವರು ಯಾರು? ಮಗುವಿಗೆ ಯೂನಿಫಾರ್ಮ್ ತೊಡಿಸಿ, ಎಂಟಕ್ಕೆ ಬರುವ ಶಾಲೆಯ ವ್ಯಾನಿಗೆ ಹತ್ತಿಸಿ ಹೊರಡಬೇಕಾದ ತಾಯಿಗೆ ಈ ಆಟದಲ್ಲಿ ಕಾಯಿಯೇ ಇಲ್ಲ. ಅಮೆರಿಕದ ಗಿರಾಕಿಯೊಡನೆ ರಾತ್ರಿ ಹನ್ನೊಂದರವರೆಗೆ ಫೋನಿನಲ್ಲಿದ್ದವನಿಗೂ ಇಲ್ಲ. ಅಂಕ ಬಂದದ್ದು ಬರುವ ಹೊತ್ತಿಗೆ. ಹೋಗುವ ಹೊತ್ತಿಗೆ ಅಂಕವಿರಲಿಲ್ಲ. ಬೇಗ ಬಂದವನು ಬೇಗ ಎದ್ದು ಹೊರಟರೆ ಪಕ್ಕದ ಮೇಜಿನಿಂದ ‘ಏನು, ಇವತ್ತು ಹಾಫ್ ಡೇನಾ?’ ಎಂಬ ಮಾತು ತೇಲಿಬರುವ ಊರು ನಮ್ಮದು. ಇನ್ನೊಂದು ಸೂಕ್ಷ್ಮವೂ ಇದೆ. ಕಾರ್ಡು ಉಜ್ಜಿದ ಯಂತ್ರಕ್ಕೆ ಗೊತ್ತಾಗುವುದು ಗಂಟೆ ಮಾತ್ರ. ಐವತ್ತು ಜನರ ಬಸ್ಸಿನಿಂದ ಇಳಿದವಳಿಗೂ ಒಬ್ಬನೇ ಕಾರು ಓಡಿಸಿಕೊಂಡು ಬಂದವನಿಗೂ ಎಂಟರೊಳಗೆ ಒಂದೇ ಅಂಕ. ಆಟ ದಟ್ಟಣೆಯನ್ನು ಅಳೆಯಿತು. ಹೊಗೆಯನ್ನು ಅಳೆಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟಿತು.

ಹೊಸೂರು ರಸ್ತೆಯಲ್ಲಿ ಕಣ್ಣು ಬಿಟ್ಟ ಆಟ ಅಲ್ಲಿಂದ ಹೊರಟು ಲೋಕ ಸುತ್ತಿತು. 2012ರ ಜನವರಿಯಲ್ಲಿ ಸಿಂಗಪುರದಲ್ಲಿ ಇಳಿಯಿತು. ಅಲ್ಲಿ ಮೆಟ್ರೊ ಪ್ರಯಾಣಿಕರು ಕ್ರಮಿಸಿದ ಪ್ರತಿ ಕಿಲೋಮೀಟರಿಗೂ ಅಂಕ. ದಟ್ಟಣೆಯ ಗಂಟೆಯ ಆಚೀಚೆ ಹೊರಟರೆ ಮೂರು ಪಟ್ಟು. ಕೂಡಿಟ್ಟ ಅಂಕವನ್ನು ನಿಗದಿತ ದರದಲ್ಲಿ ದುಡ್ಡಾಗಿ ಪಡೆಯಬಹುದು, ಇಲ್ಲವೇ ಅದನ್ನು ಒಡ್ಡಿ ಪರದೆಯ ಮೇಲೆ ಆಡಬಹುದು. ಬಹುಪಾಲು ಜನ ಆಡುವುದನ್ನೇ ಆರಿಸಿಕೊಂಡರು. ಶಿಸ್ತಿಗೆ ಹೆಸರಾದ ಊರಿನಲ್ಲೂ ಖಚಿತವಾದ ಚಿಲ್ಲರೆಗಿಂತ ಅನಿಶ್ಚಿತವಾದ ನೋಟೇ ಗೆದ್ದಿತು.

ಅದೇ ವರ್ಷ ಸ್ಟ್ಯಾನ್‌ಫರ್ಡ್ ಆವರಣಕ್ಕೂ ಕಾರಿನಲ್ಲಿ ಬರುವವರಿಗಾಗಿ ‘ಕ್ಯಾಪ್ರಿ’ ಎಂಬ ಹೆಸರಿನಲ್ಲಿ ಇಂಥದೇ ಯೋಜನೆ ಬಂತು. ಪರದೆಯ ಮೇಲೆ ಬಂದ ಆಟ ಯಾವುದು ಗೊತ್ತೇ? ಹಾವು ಏಣಿಯ ಮಾದರಿಯದು. ನಮ್ಮ ಅಜ್ಜಿಯರು ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆ ಹಾಸಿಕೊಳ್ಳುತ್ತಿದ್ದ ಪರಮಪದ ಸೋಪಾನದ ಪಟವೇ ಸಮುದ್ರ ದಾಟಿ ಹೋಗಿ, ದೇವರನ್ನೂ ನರಕವನ್ನೂ ಕಳಚಿಕೊಂಡು, ಕ್ಯಾಲಿಫೋರ್ನಿಯಾದ ಪಾರ್ಕಿಂಗ್ ಜಾಗದಲ್ಲಿ ಪ್ರತ್ಯಕ್ಷವಾಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯ ಒಂದು ಇಡೀ ಭಾಗವನ್ನು, ‘ಕೌತುಕನಿಧಿ’ಯನ್ನು, ಆಟಗಳಿಗೇ ಮೀಸಲಿಟ್ಟಿದ್ದರು. ಹಳೆಯ ಪಟದಲ್ಲಿ ಒಳ್ಳೆಯ ನಡತೆಗೆ ಏಣಿ, ಕೆಟ್ಟದ್ದಕ್ಕೆ ಹಾವು. ಹೊಸ ಪಟದಲ್ಲಿ ಬೇಗ ಬಂದದ್ದಕ್ಕೆ ಏಣಿ. ಆಟದ ಹಲಗೆಯ ಮೇಲೆ ಮನುಷ್ಯನಿಗೆ ಬುದ್ಧಿ ಕಲಿಸಬಹುದೆಂಬ ನಂಬಿಕೆ ಆ ಅರಮನೆಗೂ ಈ ಪ್ರಯೋಗಾಲಯಕ್ಕೂ ಸಮಾನ.

ಇದಕ್ಕೂ ಮೊದಲು, 2006ರಲ್ಲಿ, ನೆದರ್‌ಲೆಂಡ್ಸ್‌ನ ಜೂಟರ್‌ಮೇರ್ ಪಟ್ಟಣದಿಂದ ಹೇಗ್ ನಗರಕ್ಕೆ ಹೋಗುವ ಹೆದ್ದಾರಿಯಲ್ಲಿ ಚೀಟಿಯಿಲ್ಲದ ಪ್ರಯೋಗವೊಂದು ನಡೆದಿತ್ತು. 340 ಕಾರಿನವರು, ಹತ್ತು ವಾರ. ದಟ್ಟಣೆಯ ಹೊತ್ತನ್ನು ತಪ್ಪಿಸಿದ ಪ್ರತಿ ಬೆಳಗ್ಗೆಗೆ ಹೆಚ್ಚಿನವರಿಗೆ ಮೂರರಿಂದ ಏಳು ಯೂರೊ ನಗದು. ಅವರ ದಟ್ಟಣೆಯ ಪ್ರಯಾಣಗಳು ಸುಮಾರು ಅರ್ಧಕ್ಕೆ ಇಳಿದವು. ಫಲ ಚೆನ್ನಾಗಿತ್ತು. ಆದರೆ ಪ್ರತಿಯೊಬ್ಬನ ಪ್ರತಿ ಬೆಳಗ್ಗೆಗೂ ದುಡ್ಡು ಕೊಡುತ್ತ ಹೋದರೆ ಯಾವ ಖಜಾನೆಯಾದರೂ ಎಷ್ಟು ದಿನ ತಡೆದೀತು? ಹೊಸೂರು ರಸ್ತೆಯ ಚೀಟಿಯ ಜಾಣತನ ಇರುವುದು ಇಲ್ಲೇ. ಅದು ಎಲ್ಲರ ಆಸೆಯನ್ನು ಕೆಲವರ ಬಹುಮಾನದಲ್ಲಿ ನಡೆಸಿತು.

ಇಟಲಿಯ ಬೊಲೋನ್ಯದಲ್ಲಿ ಆಟ ಬೀದಿಗೇ ಇಳಿಯಿತು. ಕಿಲೋಮೀಟರುಗಟ್ಟಲೆ ಉದ್ದದ ಕಮಾನು ಮೊಗಸಾಲೆಗಳ ಆ ಹಳೆಯ ನಗರದಲ್ಲಿ 2017ರ ಬೇಸಗೆಯಿಡೀ ನಡೆದವರ, ಸೈಕಲ್ ತುಳಿದವರ, ಬಸ್ಸು ಹತ್ತಿದವರ ಫೋನಿನಲ್ಲಿ ಅಂಕ ಬೀಳುತ್ತಿತ್ತು. ಯೋಜನೆಯ ಹೆಸರು ‘ಬೆಲ್ಲಾ ಮೊಸ್ಸಾ’. ಅಂಕ ಕೊಟ್ಟರೆ ಐಸ್‌ಕ್ರೀಮು, ಬಿಯರು, ಸಿನಿಮಾ ಟಿಕೆಟ್ಟು. ಅಂಗಡಿಯವನಿಗೆ ಗಿರಾಕಿ, ಗಿರಾಕಿಗೆ ಐಸ್‌ಕ್ರೀಮು, ಊರಿಗೆ ಕಡಿಮೆ ಕಾರು. ಆರು ತಿಂಗಳಲ್ಲಿ ಜನ ಹೀಗೆ ಕೂಡಿಸಿದ್ದು 37 ಲಕ್ಷ ಕಿಲೋಮೀಟರ್. ಅಲ್ಲಿ ಗಂಟೆಗೆ ಅಂಕವಿರಲಿಲ್ಲ, ಕಾರು ಬಿಟ್ಟದ್ದಕ್ಕೆ ಅಂಕವಿತ್ತು. ನಡೆಯಲು ನೆರಳಿನ ಮೊಗಸಾಲೆ ಮೊದಲೇ ಇದ್ದ ಊರದು ಎಂಬುದನ್ನು ಮರೆಯಬಾರದು.

ಬೆಂಗಳೂರಿಗೆ ಮರಳೋಣ. ಹೊರವರ್ತುಲ ರಸ್ತೆಯಲ್ಲಿ ಬೆಳಗಿನ ಆರೂಮುಕ್ಕಾಲು. ಸರ್ವಿಸ್ ರಸ್ತೆಯ ಅಂಚಿನಲ್ಲಿ ಕೆಂಪು ದೀಪಗಳು ಮಿಣುಕುತ್ತ ಸಾಗುತ್ತವೆ. ಹೆಲ್ಮೆಟ್ಟು, ಬೆನ್ನಿಗೆ ಲ್ಯಾಪ್‌ಟಾಪು, ಟೀಶರ್ಟಿನ ಬೆನ್ನ ಮೇಲೆ ಬೆವರು ಒಣಗಿ ಉಳಿದ ಉಪ್ಪಿನ ನಕ್ಷೆ. ಇವರು ಸೈಕಲ್ಲಿನಲ್ಲಿ ಆಫೀಸಿಗೆ ಹೊರಟವರು. 2018ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಸ್ಥೆಯೊಂದರಿಂದ ಬೆಂಗಳೂರಿನ ‘ಬೈಸಿಕಲ್ ಮೇಯರ್’ ಎನಿಸಿಕೊಂಡ ಸತ್ಯ ಶಂಕರನ್ ಅವರ ಮುಂದಾಳ್ತನದಲ್ಲಿ ‘ಸೈಕಲ್ ಟು ವರ್ಕ್’ ಎಂಬ ವೇದಿಕೆ ಹುಟ್ಟಿತು. ಕೆಲಸಕ್ಕೆ ತುಳಿದ ಪ್ರತಿ ಸವಾರಿಯೂ ಅಲ್ಲಿ ದಾಖಲು. ಕಂಪನಿ ಕಂಪನಿಗಳ ನಡುವೆ ಅಂಕಪಟ್ಟಿ. ದುಡ್ಡಿನ ಚೀಟಿಯಿಲ್ಲ, ಮಾನದ ಪೈಪೋಟಿ. ಪಕ್ಕದ ಟೆಕ್‌ಪಾರ್ಕಿನ ಕಂಪನಿ ಪಟ್ಟಿಯಲ್ಲಿ ಒಂದು ಸ್ಥಾನ ಮೇಲಿದೆ ಎಂದು ಗೊತ್ತಾದರೆ, ವರ್ಷಗಟ್ಟಲೆ ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹೊತ್ತು ನಿಂತ ಸೈಕಲ್ಲಿನ ಚಕ್ರಕ್ಕೂ ಗಾಳಿ ಬೀಳುತ್ತದೆ.

ಆದರೆ ಗೇಟಿಗೆ ಬಂದಾಗ ನಾಟಕದ ಎರಡನೇ ಅಂಕ. ಕಾರಿಗೆ ಸಲಾಮು ಹೊಡೆದು ತಡೆಗೋಲು ಎತ್ತುವ ಕಾವಲುಗಾರ ಸೈಕಲ್ಲನ್ನು ಕಂಡು ತಬ್ಬಿಬ್ಬಾಗುತ್ತಾನೆ. ‘ಸಾರ್, ಇದು ಎಲ್ಲಿ ನಿಲ್ಲಿಸ್ತೀರಾ?’ ತುಳಿದುಕೊಂಡು ಬಂದವನಿಗೆ ಬೇಕಾದದ್ದು ಒಂದು ಕಂಬಿ, ಒಂದು ಬೀಗ, ಒಂದು ಸ್ನಾನದ ಕೋಣೆ, ಬಟ್ಟೆ ಇಡಲು ಒಂದು ಪೆಟ್ಟಿಗೆ. ಅಂಕಪಟ್ಟಿ ಇವನ್ನು ಕೊಡಲಾರದು. ದಾರಿಯ ಕತೆಯೂ ಹಾಗೇ. 2020ರಲ್ಲಿ ಸಿಲ್ಕ್ ಬೋರ್ಡಿನಿಂದ ಲೌರಿ ಜಂಕ್ಷನ್‌ವರೆಗೆ ಹೊರವರ್ತುಲ ರಸ್ತೆಯ ಪಕ್ಕದಲ್ಲಿ ಗೂಟ ನೆಟ್ಟು ಸೈಕಲ್ಲಿಗೆ ಪ್ರತ್ಯೇಕ ಪಟ್ಟಿ ಮಾಡಿದರು. ಗೂಟಗಳು ಒಂದೊಂದಾಗಿ ಬಾಗಿದವು, ಮುರಿದವು, ಮಾಯವಾದವು. ಬೈಕುಗಳು ಒಳನುಗ್ಗಿದವು, ಆಟೊಗಳು ನಿಂತವು. ಆಟಗಾರರು ಇದ್ದರು, ಅಂಕವೂ ಇತ್ತು. ಕಾಲಿಡಲು ಮನೆಗಳೇ ಅಳಿಸಿಹೋದ ಪಗಡೆ ಹಾಸಿನಂತಾಯಿತು ಅವರ ಪಾಡು.

2025ರ ಆಗಸ್ಟ್‌ನಲ್ಲಿ ಹೊಸೂರು ರಸ್ತೆಯ ಮೇಲೆ ಮೆಟ್ರೊದ ಹಳದಿ ಗೆರೆ ಓಡಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿಲೋಮೀಟರ್, 16 ನಿಲ್ದಾಣ, ಚಾಲಕನಿಲ್ಲದೆ ಓಡಬಲ್ಲ ರೈಲು. ಶುರುವಿನಲ್ಲಿ ಇದ್ದದ್ದು ಮೂರೇ ರೈಲು, ಇಪ್ಪತ್ತೈದು ನಿಮಿಷಕ್ಕೊಂದು. ಆದರೂ ಜನ ಬಂದರು. ಕೂಡ್ಲು ಗೇಟು ಈಗ ಗಾಜಿನ ಹೊರಗೆ ಕಣ್ಣು ಮಿಟುಕಿಸುವಷ್ಟರಲ್ಲಿ ಸರಿದುಹೋಗುವ ಒಂದು ನಿಲ್ದಾಣ. ಇನ್ಫೋಸಿಸ್ ಪ್ರತಿಷ್ಠಾನದ ಹೆಸರು ಹೊತ್ತ ಕೋನಪ್ಪನ ಅಗ್ರಹಾರದಲ್ಲಿ ಬಾಗಿಲು ತೆರೆದರೆ ಕೊರಳಪಟ್ಟಿಗಳ ಪ್ರವಾಹ ಮೆಟ್ಟಿಲಿಳಿಯುತ್ತದೆ. ಈ ಜನರಿಗೆ ಯಾರೂ ಅಂಕ ಕೊಡುತ್ತಿಲ್ಲ. ಕೆಳಗೆ ನಿಂತ ವಾಹನಗಳ ಸಾಲು ಕಿಟಕಿಯಿಂದ ಕಾಣುತ್ತದಲ್ಲ, ಅಷ್ಟೇ ಸಾಕಾದ ಬಹುಮಾನ. ಸಿಂಗಪುರವೂ ಇಂಥದೇ ಪಾಠ ಕಲಿತಿತ್ತು. 2013ರಲ್ಲಿ ಅಲ್ಲಿನ ಸಾರಿಗೆ ಇಲಾಖೆ ಬೆಳಗ್ಗೆ 7.45ರೊಳಗೆ ನಗರದ 16 ಮೆಟ್ರೊ ನಿಲ್ದಾಣಗಳಲ್ಲಿ ಹೊರಬಂದವರಿಗೆ ಪ್ರಯಾಣವನ್ನೇ ಉಚಿತ ಮಾಡಿತು. ಕೆಲವು ವರ್ಷಗಳ ಮೇಲೆ ಅದನ್ನು ಬೇಗ ಹೊರಟವರಿಗೆ ಸಿಗುವ ದರ ಕಡಿತವಾಗಿ ಬದಲಿಸಿತು. ಚೀಟಿಯಲ್ಲಿ ಪರೀಕ್ಷಿಸಿದ್ದು ಕೊನೆಗೆ ಟಿಕೆಟ್ಟಿನ ದರದೊಳಗೆ ಹೋಗಿ ಕೂತಿತು.

ಆಟದ ನಿಜವಾದ ಉಪಯೋಗ ಇದೇ ಎಂದು ನನಗನ್ನಿಸುತ್ತದೆ. ಆಟ ಒಂದು ಪರೀಕ್ಷೆ. ಕಾಂಕ್ರೀಟ್ ಸುರಿಯದೆ, ಕಾನೂನು ಮಾಡದೆ, ಯಾರನ್ನೂ ಬೈಯದೆ ಒಂದು ಊಹೆಯನ್ನು ಆರು ತಿಂಗಳು ರಸ್ತೆಯ ಮೇಲಿಟ್ಟು ನೋಡುವ ಅಗ್ಗದ ಉಪಾಯ. ಹತ್ತರಲ್ಲೊಬ್ಬ ಹೊತ್ತು ಬದಲಿಸಿದರೆ ರಸ್ತೆ ಉಸಿರಾಡುತ್ತದೆ ಎಂದು ಒಮ್ಮೆ ಕಣ್ಣಾರೆ ಕಂಡಮೇಲೆ, ಕಂಪನಿ ಮಾಡಬೇಕಾದದ್ದು ಮುಂದಿನ ವಾರದ ಚೀಟಿಯ ಏರ್ಪಾಡನ್ನಷ್ಟೇ ಅಲ್ಲ. ಬೇಗ ಬಂದವರು ಬೇಗ ಹೊರಡಬಹುದೆಂದು ಲಿಖಿತವಾಗಿ ಹೇಳಬೇಕು, ಆ ಹೊತ್ತಿಗೆ ಮರಳುವ ಬಸ್ಸು ಬಿಡಬೇಕು, ಹತ್ತಕ್ಕೆ ಬಂದು ಏಳಕ್ಕೆ ಹೋಗಬೇಕಾದ ತಾಯಿಯ ಹೊತ್ತೂ ದಟ್ಟಣೆಯ ಹೊರಗಿನದೇ ಎಂದು ಒಪ್ಪಬೇಕು. ಅವಳಿಗೂ ಏಣಿ ಇರಬೇಕು.

ಅಂಕಪಟ್ಟಿಗೆ ಎಂದೂ ಹತ್ತದ ಇನ್ನೊಂದು ಗುಂಪು ಇದೇ ರಸ್ತೆಯಲ್ಲಿದೆ. ಬೆಳಗ್ಗೆ ಆರೂಕಾಲಕ್ಕೆ ದೊಡ್ಡತೋಗೂರು, ಕೋನಪ್ಪನ ಅಗ್ರಹಾರದ ಒಂದೇ ಕೋಣೆಯ ಮನೆಗಳಿಂದ ಹೊರಬಿದ್ದು, ಟಿಫನ್ ಡಬ್ಬಿಯ ಚೀಲ ಹಿಡಿದು, ಗಾಜಿನ ಕಟ್ಟಡಗಳತ್ತ ನಡೆಯುವ ಹೌಸ್‌ಕೀಪಿಂಗ್ ಹೆಂಗಸರು. ತಲೆಗೆ ಹೂ, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ. ಎಂಜಿನಿಯರ್ ಬಂದು ಕೂರುವಷ್ಟರಲ್ಲಿ ಅವನ ಮೇಜಿನ ಧೂಳು ಒರೆಸಿರಬೇಕು, ಹಾಗಾಗಿ ಅವರು ಎಂದಿಗೂ ಎಂಟರೊಳಗೇ ಬಂದವರು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹುಡುಗಿಯರು ಗುಂಪುಗುಂಪಾಗಿ, ಮಾತಾಡಿಕೊಂಡು, ಲಾರಿಗಳಿಗೆ ಕೈ ಅಡ್ಡ ಹಿಡಿದು ರಸ್ತೆ ದಾಟುತ್ತಾರೆ. 356ರ ಸರಣಿಯ ಬಿಎಂಟಿಸಿ ಬಸ್ಸಿನಲ್ಲಿ ಒಂಟಿ ಕಾಲಲ್ಲಿ ನಿಂತು ಬರುವವರೂ ಇವರೇ. ಇವರಲ್ಲಿ ಬಸ್ಸು ಹಿಡಿಯುವವರಿಗೆ 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂತು: ಕಂಡಕ್ಟರ್ ಹರಿದುಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟು. ಅದರಲ್ಲಿ ಚೀಟಿ ಎತ್ತುವುದಿಲ್ಲ, ಸೋಲುವವಳಿಲ್ಲ, ಆ ಟಿಕೆಟ್ಟು ಹಿಡಿದ ಪ್ರತಿಯೊಬ್ಬಳೂ ಪ್ರತಿದಿನ ಗೆಲ್ಲುತ್ತಾಳೆ. ಆ್ಯಪು, ಅಂಕ ಯಾವುದೂ ಇಲ್ಲದೆ ಸಾರ್ವಜನಿಕ ಸಾರಿಗೆಗೆ ಜನರನ್ನು ಕರೆತಂದ ಬಹುಮಾನವಿದು.

ಪರಿಸರಸ್ನೇಹಿ ಪ್ರಯಾಣಕ್ಕೆಂದು ಹೊಸ ಆ್ಯಪು ತೆರೆಯುವ ಕಂಪನಿಗಳು ಈಗಲೂ ಬರುತ್ತಲೇ ಇವೆ. ಹಂಚಿಕೊಂಡ ಕಾರಿಗೆ ಇಷ್ಟು ಅಂಕ, ಮೆಟ್ರೊಗೆ ಇಷ್ಟು, ಉಳಿಸಿದ ಇಂಗಾಲಕ್ಕೆ ಪರದೆಯ ಮೇಲೊಂದು ಹಸಿರು ಗಿಡ. ಬರಲಿ, ಒಳ್ಳೆಯದೇ. ಆದರೆ ಲೆಕ್ಕ ಕಾರು ಬಿಟ್ಟವನಿಂದ ಮಾತ್ರ ಶುರುವಾದರೆ, ಕಾರು ಕೊಳ್ಳಲೇ ಆಗದವಳು ಊರಿಗೆ ಉಳಿಸಿಕೊಟ್ಟದ್ದು ಯಾವ ಖಾತೆಗೂ ಬೀಳುವುದಿಲ್ಲ. ಗೇಟಿನೊಳಗೆ ಕೆಲಸ ಮಾಡುವ ಪ್ರತಿಯೊಬ್ಬರ ಕಾರ್ಡನ್ನೂ, ಗುತ್ತಿಗೆಯವರ ಕಾರ್ಡನ್ನೂ ಸೇರಿಸಿ, ಅದೇ ಯಂತ್ರಕ್ಕೆ ಉಜ್ಜಲು ಬಿಡುವ ಧೈರ್ಯ ಯಾವ ಕಂಪನಿಗಿದೆಯೋ ಅದು ಆಡಲಿ. ಹಾಗೆ ಆಡಿದರೆ ಮೊದಲ ವಾರದ ಚೀಟಿ ಎತ್ತುವ ಮುನ್ನವೇ ಹೌಸ್‌ಕೀಪಿಂಗ್ ವಿಭಾಗಕ್ಕೆ ಬಹಳ ವರ್ಷಗಳ ಹಳೆಯ ಬಾಕಿ ಚುಕ್ತಾ ಮಾಡಬೇಕಾದೀತು.